ಸಂಜೆ ಆಗುವಷ್ಟರಲ್ಲಿ ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ, ಯಾವುದು ಒಗ್ಗುತ್ತಿಲ್ಲ ಅಂತ ಹೇಗೆ ತಿಳಿಯೋದು?

ಹಾಸನದ ಟೀಚರ್ (ನವೆಂಬರ್ 24)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯೋಕೆ ಮೂರು ದಿನ ಯೋಚಿಸಿದೆ. ಮನೆಯಲ್ಲೂ ಬಿಡಿಸಿ ಹೇಳಿಕೊಳ್ಳೋಕೆ ಆಗುತ್ತಿಲ್ಲ. ಇಲ್ಲಿ ಯಾರಿಗೂ ನನ್ನ ಗುರುತು ಇಲ್ಲ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನಗೆ 39 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂದು ವರ್ಷದಿಂದ ಹೊಟ್ಟೆ ಉಬ್ಬರ. ಬೆಳಿಗ್ಗೆ ಎದ್ದಾಗ ಹೊಟ್ಟೆ ಹಗುರ ಇರುತ್ತದೆ. ಮಧ್ಯಾಹ್ನದ ಊಟ ಆದ ಮೇಲೆ ಶುರು. ನಾಲ್ಕು ಗಂಟೆಗೆ ಸೀರೆ ಸಡಿಲ ಮಾಡಿಕೊಳ್ಳದೆ ಕೂರೋಕೆ ಆಗೋದಿಲ್ಲ. ಒಳಗೆ ಗುಡುಗುಡು ಸದ್ದು. ಕೊನೆಯ ಪೀರಿಯಡ್‌ನಲ್ಲಿ ಬೋರ್ಡ್ ಕಡೆ ತಿರುಗಿ ಲೆಕ್ಕ ಬರೆಯುವಾಗ ಗ್ಯಾಸ್ ತಡೆದುಕೊಂಡು ತಡೆದುಕೊಂಡು ಎಡಗಡೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು ಬರುತ್ತದೆ. ಮಕ್ಕಳು ಎಲ್ಲಿ ಗಮನಿಸಿಬಿಡುತ್ತಾರೋ ಅನ್ನೋ ಭಯದಲ್ಲಿ ಪಾಠವೇ ಸರಿಯಾಗಿ ಮಾಡೋಕೆ ಆಗುತ್ತಿಲ್ಲ. ಕಳೆದ ವಾರ ಒಬ್ಬ ಹುಡುಗಿ ಹತ್ತಿರ ಬಂದು ಡೌಟ್ ಕೇಳಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಅವಳ ಮುಖ ಸಣ್ಣದಾಯಿತು. ಅದು ನೆನಪಾದರೆ ಈಗಲೂ ಅಳು ಬರುತ್ತದೆ.

ಊಟ ಹೀಗಿದೆ. ಬೆಳಿಗ್ಗೆ ಫಿಲ್ಟರ್ ಕಾಫಿ, ತಿಂಡಿಗೆ ಚಪಾತಿ ಅಥವಾ ಉಪ್ಪಿಟ್ಟು. ಸ್ಕೂಲಲ್ಲಿ ಎರಡು ಸಲ ಟೀ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಸಾರು, ಪಲ್ಯ. ರಾತ್ರಿ ಮುದ್ದೆ, ಹೆಚ್ಚಾಗಿ ಕಾಳಿನ ಸಾರು. ಕ್ಯಾಲ್ಸಿಯಂ ಕಡಿಮೆ ಇದೆ ಅಂದಿದ್ದಕ್ಕೆ ಒಂದೂವರೆ ವರ್ಷದಿಂದ ಬೆಳಿಗ್ಗೆ ತಿಂಡಿ ಜೊತೆ ಒಂದು, ಮಲಗುವ ಮುಂಚೆ ಒಂದು ದೊಡ್ಡ ಲೋಟ ಹಾಲು.

ಮೆಡಿಕಲ್ ಶಾಪಿನಲ್ಲಿ ಕೇಳಿ ಪ್ಯಾಂಟೊಪ್ರಜೋಲ್ ಮಾತ್ರೆ ಐದು ತಿಂಗಳು ನುಂಗಿದೆ. ಕಡಿಮೆ ಆಗಲಿಲ್ಲ. ಆಮೇಲೆ ಗೋಧಿ ಬಿಡು ಅಂದರು, ಬಿಟ್ಟೆ. ಬೇಳೆ ಬಿಡು ಅಂದರು, ಬಿಟ್ಟೆ. ಈರುಳ್ಳಿ, ಬೆಳ್ಳುಳ್ಳಿ, ಬದನೆಕಾಯಿ, ಆಲೂಗಡ್ಡೆ ಎಲ್ಲ ವಾಯು ಅಂತ ಬಿಡಿಸಿದರು. ಈಗ ಎರಡು ವಾರದಿಂದ ಅನ್ನ, ತಿಳಿಸಾರು, ಹಾಲು ಅಷ್ಟೇ. ಎರಡು ಕೆಜಿ ಇಳಿದಿದ್ದೇನೆ, ಉಬ್ಬರ ಮಾತ್ರ ಹಾಗೇ ಇದೆ. ಮುಂದೆ ಏನು ಬಿಡಬೇಕು ಅಂತ ಗೊತ್ತಾಗುತ್ತಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.


ಶಿರಸಿಯ ಅತ್ತಿಗೆ

ತಂಗಿ, ಮೊದಲು ನಾಚಿಕೆ ಬಿಡು. ಹೊಟ್ಟೆ ಇದ್ದವರಿಗೆಲ್ಲ ಇರೋದೇ ಇದು. ನಮ್ಮ ಮನೆಯಲ್ಲಿ ಊಟ ಭಾರ ಆಯಿತು ಅಂದರೆ ಓಮ, ಜೀರಿಗೆ ಹುರಿದು ಕುಟ್ಟಿ ಬಿಸಿನೀರಿಗೆ ಹಾಕಿ ಕುಡಿಯುತ್ತೇವೆ. ಶುಂಠಿ ತಂಬುಳಿ, ದೊಡ್ಡಪತ್ರೆ ತಂಬುಳಿ ಮಾಡುತ್ತೇವೆ. ನನಗಂತೂ ಹಗುರ ಆಗುತ್ತದೆ. ಆದರೆ ಒಂದು ವರ್ಷದಿಂದ ದಿನಾ ಹೀಗೆ ಅಂದರೆ ಕಷಾಯ ಕುಡಿದು ಸುಮ್ಮನಿರುವ ವಿಷಯ ಅಲ್ಲ. ಒಮ್ಮೆ ಡಾಕ್ಟರಿಗೆ ತೋರಿಸು. ಇಷ್ಟೆಲ್ಲ ಬಿಟ್ಟೆಯಲ್ಲ, ಹಾಲನ್ನು ಮಾತ್ರ ಯಾಕೆ ಬಿಡಲಿಲ್ಲ?


ಹಾಸನದ ಟೀಚರ್

ಅಕ್ಕಾ, ಹಾಲು ಒಳ್ಳೆಯದು ಅಂತಲೇ ಬಿಡಲಿಲ್ಲ. ಹೊಟ್ಟೆ ತಂಪಾಗಲಿ ಅಂತ ಈಗ ಮಧ್ಯಾಹ್ನವೂ ಒಂದು ಲೋಟ ಕುಡಿಯುತ್ತಿದ್ದೇನೆ.


ಮೈಸೂರು ಡಾಕ್ಟರ್

ಟೀಚರ್, ನಾನು ಹೊಟ್ಟೆ, ಕರುಳಿನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೋಡದೆ ರೋಗ ಇದೇ ಅಂತ ಹೇಳೋಕೆ ಬರೋದಿಲ್ಲ. ಆದರೆ ಕೆಲವು ಮಾತು ಹೇಳಲೇಬೇಕು.

ನಮ್ಮಲ್ಲಿ ಎಲ್ಲವನ್ನೂ 'ಗ್ಯಾಸ್ಟ್ರಿಕ್' ಅಂತ ಒಂದೇ ಹೆಸರಲ್ಲಿ ಕರೆಯುತ್ತಾರೆ. ಎದೆಯುರಿ, ಹುಳಿತೇಗು ಒಂದು ತೊಂದರೆ. ಅದು ಜಠರದ ಆಮ್ಲದ್ದು, ಪ್ಯಾಂಟೊಪ್ರಜೋಲ್ ಕೆಲಸ ಮಾಡೋದು ಅದರ ಮೇಲೆ. ಉಬ್ಬರ, ಹೂಸು, ಗುಡುಗುಡು ಬೇರೆ ತೊಂದರೆ. ಅದು ಹೆಚ್ಚಾಗಿ ದೊಡ್ಡ ಕರುಳಿನದು. ಸಣ್ಣ ಕರುಳಲ್ಲಿ ಪೂರ್ತಿ ಜೀರ್ಣ ಆಗದೆ ಉಳಿದ ಸಕ್ಕರೆ ಪದಾರ್ಥಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟಿಸುತ್ತವೆ. ಇವಕ್ಕೆ ವಾಸನೆ ಇಲ್ಲ. ವಾಸನೆ ಬರೋದು ತುಂಬಾ ಕಡಿಮೆ ಪ್ರಮಾಣದಲ್ಲಿರುವ ಗಂಧಕದ ಅನಿಲಗಳಿಂದ. ಹಾಗಾಗಿ ಆಮ್ಲದ ಮಾತ್ರೆ ನುಂಗಿ ನಿಮಗೆ ಉಪಯೋಗ ಆಗದೇ ಇದ್ದಿದ್ದರಲ್ಲಿ ಆಶ್ಚರ್ಯ ಇಲ್ಲ. ವರ್ಷಗಟ್ಟಲೆ ಸುಮ್ನೆ ನುಂಗುತ್ತಿರುವವರಿಗೆ ಬಿ12, ಮೆಗ್ನೀಸಿಯಂ ಕಡಿಮೆ ಆಗುವುದೂ ಉಂಟು. ಇದನ್ನು ಓದುವ ಬೇರೆಯವರು ಇವತ್ತೇ ಎಸೆಯಬೇಡಿ, ಬರೆದುಕೊಟ್ಟವರನ್ನು ಕೇಳಿ ಬಿಡಿ. ತಟ್ಟನೆ ನಿಲ್ಲಿಸಿದರೆ ಎದೆಯುರಿ ಜಾಸ್ತಿ ಆಗುತ್ತದೆ.

ಆರೋಗ್ಯವಾಗಿರುವವರೂ ದಿನಕ್ಕೆ 10ರಿಂದ 20 ಸಲ ಗ್ಯಾಸ್ ಬಿಡುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ತಮಗೆ ಮಾತ್ರ ಹೀಗೆ ಅಂದುಕೊಂಡು ಕೊರಗುತ್ತಾರೆ.

ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಿ. ಮಲದಲ್ಲಿ ರಕ್ತ ಹೋಗುತ್ತದಾ? ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವು ಅಥವಾ ಭೇದಿ ಇದೆಯಾ? ಹಿಮೋಗ್ಲೋಬಿನ್ ಎಷ್ಟು? ಪದೇ ಪದೇ ವಾಂತಿ, ಜ್ವರ ಇದೆಯಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ? ಇಳಿದ ಎರಡು ಕೆಜಿ ಊಟ ಬಿಟ್ಟಿದ್ದಕ್ಕೆ ಇಳಿದಿದ್ದಾ, ಅಥವಾ ಮೊದಲಿನಿಂದಲೇ ಇಳಿಯುತ್ತಿತ್ತಾ? ಕೊನೆಯದಾಗಿ, ದಿನಾ ಹೊಟ್ಟೆ ಸರಿಯಾಗಿ ಖಾಲಿ ಆಗುತ್ತಿದೆಯಾ? ಇದನ್ನು ಯಾರೂ ಹೇಳೋದಿಲ್ಲ, ನಾವೂ ಕೇಳೋದು ಕಡಿಮೆ.

ಗೋಧಿ ವಿಷಯ. ಗೋಧಿ ಬಿಟ್ಟಿದ್ದು ಎರಡು ವಾರ ಅಷ್ಟೇ ಅಂದಿದ್ದೀರಿ. ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್‌ನಿಂದ ಸಣ್ಣ ಕರುಳು ಕೆಡುವ ಕಾಯಿಲೆ) ಇದೆಯಾ ಅಂತ ನೋಡುವ ಟಿಟಿಜಿ ರಕ್ತಪರೀಕ್ಷೆ ಗೋಧಿ ತಿನ್ನುತ್ತಿದ್ದರೆ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಆದ್ದರಿಂದ ದಿನಾ ಚಪಾತಿ ಮತ್ತೆ ಶುರು ಮಾಡಿ. ಆರು ವಾರ ತಿಂದು ಆಮೇಲೆ ಪರೀಕ್ಷೆ ಮಾಡಿಸಿ.


ಹಾಸನದ ಟೀಚರ್

ಸರ್, ತುಂಬಾ ಧನ್ಯವಾದ. ರಕ್ತ ಇಲ್ಲ, ವಾಂತಿ ಇಲ್ಲ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ. ಹಿಮೋಗ್ಲೋಬಿನ್ 11.8. ತೂಕ ಇಳಿದಿದ್ದು ಊಟ ಬಿಟ್ಟ ಮೇಲೆಯೇ.

ಕೊನೆಯ ಪ್ರಶ್ನೆಗೆ ಉತ್ತರ, ಇಲ್ಲ. ಬೆಳಿಗ್ಗೆ ಏಳೂವರೆ ಬಸ್. ಅಷ್ಟರಲ್ಲಿ ತಿಂಡಿ, ಎರಡು ಡಬ್ಬಿ, ಮಗನ ಯೂನಿಫಾರ್ಮ್. ಕೂರೋಕೆ ಪುರುಸೊತ್ತೇ ಇರೋದಿಲ್ಲ. ಸ್ಕೂಲಿನ ಶೌಚಾಲಯದಲ್ಲಿ ಬಾಗಿಲ ಚಿಲಕ ನಿಲ್ಲೋದಿಲ್ಲ, ನೀರು ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಹತ್ತರಿಂದ ನಾಲ್ಕೂವರೆ ತನಕ ಹೋಗೋದೇ ಇಲ್ಲ. ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯೋದಿಲ್ಲ. ಎರಡು ದಿನಕ್ಕೆ, ಮೂರು ದಿನಕ್ಕೆ ಒಮ್ಮೆ ಮೋಷನ್ ಆಗುತ್ತದೆ. ನಮ್ಮ ಸ್ಟಾಫ್ ರೂಮಿನ ಏಳು ಹೆಂಗಸರದ್ದೂ ಇದೇ ಕಥೆ. ಇದಕ್ಕೂ ಗ್ಯಾಸಿಗೂ ಸಂಬಂಧ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.


ಮೈಸೂರು ಡಾಕ್ಟರ್

ಸಂಬಂಧ ತುಂಬಾ ಇದೆ. ಮಲ ಒಳಗೇ ನಿಂತರೆ ಬ್ಯಾಕ್ಟೀರಿಯಾಗಳಿಗೆ ಹುಳಿ ಬರಿಸೋಕೆ ಜಾಸ್ತಿ ಹೊತ್ತು ಸಿಗುತ್ತದೆ, ಗ್ಯಾಸ್ ಹೊರಗೆ ಹೋಗೋಕೆ ದಾರಿಯೂ ಕಟ್ಟುತ್ತದೆ. ನಿಮ್ಮ ಮಾತಲ್ಲಿ ನನಗೆ ಎರಡು ವಿಷಯ ಕಾಣುತ್ತಿದೆ, ಮಲಬದ್ಧತೆ ಮತ್ತು ಹಾಲು. ಊಟದ ಪಟ್ಟಿಗೆ ಕೈ ಹಾಕುವ ಮುಂಚೆ ಮೊದಲನೆಯದನ್ನು ಸರಿಮಾಡಿ. ಬೆಳಿಗ್ಗೆ ಹದಿನೈದು ನಿಮಿಷ ಬೇಗ ಏಳಿ. ಬಿಸಿನೀರೋ ಕಾಫಿಯೋ ಕುಡಿದು ಹತ್ತು ನಿಮಿಷಕ್ಕೆ ಹೋಗಿ ಕೂತುಕೊಳ್ಳಿ, ಬರಲಿ ಬಿಡಲಿ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಇಸಬ್ಗೋಲ್ ಹೊಟ್ಟು ಒಂದು ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆ. ಗೋಧಿ ಹೊಟ್ಟು ಬೇಡ, ಅದು ಉಬ್ಬರವನ್ನು ಇನ್ನೂ ಜಾಸ್ತಿ ಮಾಡುತ್ತದೆ. ಟಿಎಸ್‌ಎಚ್ ಒಂದು ಮಾಡಿಸಿ, ಥೈರಾಯ್ಡ್ ಕಡಿಮೆ ಇದ್ದರೂ ಮಲಬದ್ಧತೆ ಬರುತ್ತದೆ.


ಅಡುಗೆಮನೆ ಡಯೆಟಿಷಿಯನ್

ಟೀಚರ್ ಮೇಡಂ, ಹಾಲಿನ ಲೆಕ್ಕ ನಾನು ಹೇಳುತ್ತೇನೆ, ನೀವು ಗಣಿತದವರು, ಬೇಗ ಗೊತ್ತಾಗುತ್ತದೆ. 100 ಮಿಲಿ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ನಿಮ್ಮ ದೊಡ್ಡ ಲೋಟ 300 ಮಿಲಿ ಅಂದುಕೊಳ್ಳೋಣ, 15 ಗ್ರಾಂ ಆಯಿತು. ಈಗ ಮೂರು ಲೋಟ. ಜೊತೆಗೆ ಕಾಫಿ, ಟೀ. ಲ್ಯಾಕ್ಟೋಸ್ ಒಡೆಯುವ ಲ್ಯಾಕ್ಟೇಸ್ ಅನ್ನೋ ಕಿಣ್ವ ಮಗುವಾಗಿದ್ದಾಗ ಚೆನ್ನಾಗಿರುತ್ತದೆ, ಬೆಳೆಯುತ್ತಾ ಬೆಳೆಯುತ್ತಾ ಬಹಳ ಜನರಲ್ಲಿ ಇಳಿಯುತ್ತದೆ. ಜಗತ್ತಿನ ದೊಡ್ಡವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಹೀಗೇ. ಉತ್ತರ ಭಾರತಕ್ಕಿಂತ ನಮ್ಮ ದಕ್ಷಿಣದಲ್ಲಿ ಇದು ಜಾಸ್ತಿ. ಇದು ಅಲರ್ಜಿ ಅಲ್ಲ, ರೋಗವೂ ಅಲ್ಲ. ಅಳತೆಯ ವಿಷಯ. ಕಿಣ್ವ ಕಡಿಮೆ ಇರುವವರಲ್ಲೂ ಹೆಚ್ಚಿನವರು ಒಂದು ಹೊತ್ತಿಗೆ 12 ಗ್ರಾಂ ತನಕ, ಅಂದರೆ ಒಂದು ಕಪ್ಪು ಹಾಲನ್ನು, ಊಟದ ಜೊತೆ ಆದರೆ ತಡೆದುಕೊಳ್ಳುತ್ತಾರೆ.

ಆದ್ದರಿಂದ ಎರಡು ವಾರ ಲೋಟದ ಹಾಲು ಪೂರ್ತಿ ನಿಲ್ಲಿಸಿ. ಕಾಫಿಗೆ ಹಾಕುವ ಎರಡು ಚಮಚ ಇರಲಿ. ಮಜ್ಜಿಗೆ, ಹುಳಿ ಬಂದ ಮೊಸರು ನಡೆಯುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸ್ ತಿಂದಿರುತ್ತದೆ, ಹೊಟ್ಟೆಯಲ್ಲೂ ಕೆಲಸ ಮಾಡುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನಬಹುದು. ಖೋವಾ, ಪೇಡ, ಹಾಲಿನ ಪುಡಿ ಬೇಡ, ಅದರಲ್ಲಿ ಹಾಲು ಗಟ್ಟಿಯಾಗಿರುತ್ತದೆ. ಕ್ಯಾಲ್ಸಿಯಂ ಚಿಂತೆ ಮಾಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ನೀವು ದಿನಾ ಮುದ್ದೆ ತಿನ್ನೋ ಊರಿನವರು. ಎಳ್ಳು, ಮೊಸರು, ಸೊಪ್ಪು ಸೇರಿಸಿ.

ಒಂದು ನೋಟ್‌ಬುಕ್ ಇಡಿ. ಏನು ತಿಂದೆ, ಎಷ್ಟು, ಎಷ್ಟು ಗಂಟೆಗೆ, ಉಬ್ಬರ ಯಾವಾಗ, ಮೋಷನ್ ಆಯಿತಾ, ಮುಟ್ಟಿನ ದಿನ ಯಾವುದು. ಹಾಲಿನದ್ದು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಗೊತ್ತಾಗಬಹುದು, ಕಾಳಿನದ್ದು ಆರು ಗಂಟೆ ಕಳೆದ ಮೇಲೂ ಬರಬಹುದು. ಮಧ್ಯಾಹ್ನದ ಉಬ್ಬರಕ್ಕೆ ಮಧ್ಯಾಹ್ನದ ಪಲ್ಯವನ್ನು ಬೈದು ಪ್ರಯೋಜನ ಇಲ್ಲ, ಬೆಳಿಗ್ಗೆಯ ಹಾಲೂ, ಹಿಂದಿನ ರಾತ್ರಿಯ ಸಾರೂ ಅದರಲ್ಲಿ ಇರುತ್ತದೆ.


ಮಂಡ್ಯದ ಹುಡುಗ

ಕಾಳಿನ ವಿಷಯ ಬಂತಲ್ಲ, ಕೇಳಿಬಿಡುತ್ತೇನೆ. ಅವರೆಕಾಯಿ ಸೀಸನ್ ಶುರುವಾಗಿದೆ. ನಮ್ಮ ಮನೆಯಲ್ಲಿ ಸಂಕ್ರಾಂತಿ ಮುಗಿಯೋ ತನಕ ದಿನಾ ಅವರೆಯೇ. ಉಪ್ಪಿಟ್ಟಿಗೆ ಅವರೆ, ರೊಟ್ಟಿಗೆ ಅವರೆ, ರಾತ್ರಿ ಹಿತಕಿದಬೇಳೆ ಸಾರು. ನನಗೆ ಗ್ಯಾಸ್ ಆಗುತ್ತದೆ, ಆದರೆ ಬಿಡೋಕೆ ಮನಸ್ಸಿಲ್ಲ. ಏನು ಮಾಡೋದು ಮೇಡಂ?


ಅಡುಗೆಮನೆ ಡಯೆಟಿಷಿಯನ್

ಬಿಡಬೇಡಿ. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನೋ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಯಾವ ಮನುಷ್ಯನ ಕರುಳಿನಲ್ಲೂ ಇಲ್ಲ. ಹಾಗಾಗಿ ಕಾಳು ತಿಂದರೆ ಒಂದಷ್ಟು ಗ್ಯಾಸ್ ಎಲ್ಲರಿಗೂ ಆಗುತ್ತದೆ. ಹಿತಕಿದಬೇಳೆ ಸಿಪ್ಪೆ ತೆಗೆದದ್ದು, ಸ್ವಲ್ಪ ಹಗುರ. ಒಣಕಾಳಾದರೆ ಎಂಟು ಹತ್ತು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಕಡಿಮೆ. ಹೆಸರುಬೇಳೆ, ತೊಗರಿಬೇಳೆ ಹೆಚ್ಚಿನವರಿಗೆ ಸುಲಭ. ಕಡಲೆ, ಅಲಸಂದೆ, ರಾಜ್ಮಾ ಭಾರ.

ಬಸ್ಸಾರಿನ ಬಗ್ಗೆ ಒಂದು ಮಾತು, ಇದನ್ನು ಯಾರೂ ಗಮನಿಸೋದಿಲ್ಲ. ಕಾಳು ಬೇಯಿಸಿ ಬಸಿದ ನೀರಲ್ಲೇ ಬಸ್ಸಾರು ಮಾಡೋದು. ಆ ಸಕ್ಕರೆಗಳು ನೀರಿನಲ್ಲಿ ಕರಗುವಂಥವು, ಹಾಗಾಗಿ ಪಲ್ಯಕ್ಕಿಂತ ಸಾರಿನಲ್ಲೇ ಒಂದು ಪಾಲು ಇಳಿದಿರುತ್ತದೆ. ಬಸ್ಸಾರು ಬಿಡಿ ಅಂತ ನಾನು ಯಾವತ್ತೂ ಹೇಳೋದಿಲ್ಲ. ನೆನೆಸಿದ ನೀರನ್ನು ಮಾತ್ರ ಚೆಲ್ಲಿ, ಬೇಯಿಸಿದ ನೀರು ಇರಲಿ. ಸಾರು ಎರಡು ಸೌಟಿನ ಬದಲು ಒಂದು ಸೌಟು ಹಾಕಿಕೊಳ್ಳಿ. ಅವರೆಯನ್ನು ದಿನಕ್ಕೆ ಮೂರು ಹೊತ್ತು ತಿನ್ನುವ ಬದಲು ಒಂದು ಹೊತ್ತು ತಿನ್ನಿ.


ಮೆಲ್ಬರ್ನ್ ಕನ್ನಡತಿ

ನಾನು ಇರುವ ಊರಿನಲ್ಲೇ ಒಗ್ಗದ ಆಹಾರ ಹುಡುಕುವ ಫಾಡ್‌ಮ್ಯಾಪ್ ಪದ್ಧತಿ ಹುಟ್ಟಿದ್ದು, ಇಲ್ಲಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ನನಗೆ ಐಬಿಎಸ್ (ಪದೇ ಪದೇ ಹೊಟ್ಟೆನೋವು, ಮಲದ ಏರುಪೇರು ತರುವ ಕರುಳಿನ ತೊಂದರೆ) ಇದೆ, ಡಯೆಟಿಷಿಯನ್ ಜೊತೆ ಕೂತು ಮಾಡಿದೆ. ಜನ ಇದನ್ನು ತಪ್ಪು ತಿಳಿದುಕೊಂಡಿರುವುದು ನೋಡಿದರೆ ಬೇಜಾರಾಗುತ್ತದೆ. ಜನ್ಮಪೂರ್ತಿ ಬಿಡುವ ಪಟ್ಟಿ ಅದು ಅಲ್ಲ. ಮೊದಲು ಎರಡರಿಂದ ಆರು ವಾರ ಕರುಳಲ್ಲಿ ಹುಳಿಯುವ ಸಕ್ಕರೆಗಳನ್ನು ಕಡಿಮೆ ಮಾಡೋದು. ಆಮೇಲೆ ಒಂದೊಂದೇ ಗುಂಪನ್ನು ವಾಪಸ್ ತಂದು ನೋಡೋದು. ಕೊನೆಗೆ ಒಗ್ಗುವುದನ್ನೆಲ್ಲ ತಿಂದು, ಒಗ್ಗದ್ದನ್ನು ಮಾತ್ರ ಅಳತೆಯಲ್ಲಿ ಇಡೋದು. ನಾನು ಸುಮ್ನೆ ಮೊದಲ ಹಂತದಲ್ಲೇ ಎಂಟು ತಿಂಗಳು ಇದ್ದೆ, ಒಂದು ಹಬ್ಬದ ಊಟ ನೆಮ್ಮದಿಯಾಗಿ ಮಾಡಲಿಲ್ಲ. ಅದು ನನ್ನ ದೊಡ್ಡ ತಪ್ಪು.

ನನಗೆ ಹಾಲು ಒಗ್ಗುತ್ತದೆ, ಒಗ್ಗದಿರೋದು ಈರುಳ್ಳಿ, ಬೆಳ್ಳುಳ್ಳಿ. ಗೋಧಿಯಲ್ಲಿ, ಈರುಳ್ಳಿಯಲ್ಲಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಅನ್ನೋ ಒಂದೇ ಜಾತಿಯ ವಸ್ತು ಇದೆ. ಚಪಾತಿ ತಿಂದು ಉಬ್ಬರ ಬಂದರೆ ಗ್ಲುಟೆನ್ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟೋ ಸಲ ತೊಂದರೆ ಕೊಡೋದು ಈ ಫ್ರಕ್ಟಾನ್. ಇದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗೋದಿಲ್ಲ. ಹಾಗಾಗಿ ಒಗ್ಗರಣೆ ಎಣ್ಣೆಯಲ್ಲಿ ಇಡೀ ಬೆಳ್ಳುಳ್ಳಿ ಎಸಳು ಬಾಡಿಸಿ, ಎಸಳನ್ನು ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ತೊಂದರೆ ಉಳಿಯೋದಿಲ್ಲ. ಈರುಳ್ಳಿ ಬದಲು ಈರುಳ್ಳಿ ಸೊಪ್ಪಿನ ಹಸಿರು ಭಾಗ ಹಾಕುತ್ತೇನೆ. ಇಂಗು ಒಂದು ಚಿಟಿಕೆ. ಸೀಲಿಯಾಕ್ ಇರುವವರು ಇಂಗಿನ ಡಬ್ಬಿ ಓದಿ ತೆಗೆದುಕೊಳ್ಳಿ, ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ.


ಬೆಂಗಳೂರು ಬಾಡಿಗೆಮನೆ

ನನ್ನ ಅನುಭವ ಹೇಳುತ್ತೇನೆ, ಬೇರೆಯವರಿಗಾದರೂ ದುಡ್ಡು ಉಳಿಯಲಿ. ಮನೆಗೇ ಬಂದು ರಕ್ತ ತೆಗೆದುಕೊಂಡು ಇನ್ನೂರಕ್ಕೂ ಜಾಸ್ತಿ ಆಹಾರಕ್ಕೆ 'ಇಂಟಾಲರೆನ್ಸ್ ಟೆಸ್ಟ್' ಮಾಡುವ ಕಂಪನಿಯೊಂದಕ್ಕೆ ಹದಿನಾಲ್ಕು ಸಾವಿರ ಕೊಟ್ಟೆ. ಮೊಟ್ಟೆ, ಅಕ್ಕಿ, ತೆಂಗಿನಕಾಯಿ, ಕಡಲೆಕಾಯಿ ಸೇರಿ 31 ಪದಾರ್ಥ ಕೆಂಪು ಬಣ್ಣದಲ್ಲಿ ಬಂತು. ನಾಲ್ಕು ತಿಂಗಳು ಅದನ್ನೆಲ್ಲ ಬಿಟ್ಟೆ. ಅಮ್ಮ ಊರಿಂದ ಕಳಿಸಿದ ಚಟ್ನಿಪುಡಿಯನ್ನೂ ಮುಟ್ಟಲಿಲ್ಲ. ಕೊನೆಗೆ ಡಾಕ್ಟರ್ ನೋಡಿ ಆ ರಿಪೋರ್ಟನ್ನು ಪಕ್ಕಕ್ಕೆ ಇಟ್ಟರು. ಅದು ಐಜಿಜಿ ಟೆಸ್ಟ್ ಅಂತೆ.


ಮೈಸೂರು ಡಾಕ್ಟರ್

ಐಜಿಜಿ ಅನ್ನೋದು ರಕ್ತದಲ್ಲಿರುವ ಒಂದು ಪ್ರತಿಕಾಯ. ಅದು ಕಂಡಿತು ಅಂದರೆ ಆ ಆಹಾರವನ್ನು ನಿಮ್ಮ ದೇಹ ನೋಡಿದೆ ಅಂತ ಅಷ್ಟೇ ಅರ್ಥ. ದಿನಾ ತಿನ್ನುವ ಅಕ್ಕಿ, ತೆಂಗಿನಕಾಯಿಗೆ ಅದು ಬಂದೇ ಬರುತ್ತದೆ. ಒಗ್ಗೋದಿಲ್ಲ ಅಂತ ತೀರ್ಮಾನ ಮಾಡೋಕೆ ಅದನ್ನು ಬಳಸಬಾರದು ಅಂತ ಅಲರ್ಜಿ ತಜ್ಞರ ಸಂಘಗಳೇ ಹೇಳಿವೆ. ಲ್ಯಾಕ್ಟೋಸ್‌ಗೆ ಸರಿಯಾದ ಪರೀಕ್ಷೆ ಉಸಿರಿನದು. ಖಾಲಿ ಹೊಟ್ಟೆಯಲ್ಲಿ ಲ್ಯಾಕ್ಟೋಸ್ ನೀರು ಕುಡಿಸಿ, ಆಗಾಗ ಯಂತ್ರಕ್ಕೆ ಊದಿಸಿ ಹೈಡ್ರೋಜನ್ ಅಳೆಯುತ್ತಾರೆ. ಅದು ಎಲ್ಲ ಊರಲ್ಲೂ ಸಿಗೋದಿಲ್ಲ. ಎರಡು ವಾರ ಬಿಟ್ಟು ಮತ್ತೆ ಕುಡಿದು ನೋಡೋದು ಮನೆಯಲ್ಲೇ ಆಗುವ ಪರೀಕ್ಷೆ.


ಹುಬ್ಬಳ್ಳಿ ಕಾಕಾ

ನಮಸ್ಕಾರ ರೀ ಎಲ್ಲರಿಗೂ. ನನಗೆ 63 ವರ್ಷ, ಸಕ್ಕರೆ ಕಾಯಿಲೆ ಇದೆ. ಹೋದ ವರ್ಷ ಇದ್ದಕ್ಕಿದ್ದಂತೆ ಹೊಟ್ಟೆ ತುಂಬಾ ಗ್ಯಾಸ್ ಶುರುವಾಯಿತು. ಮನೆಯಲ್ಲಿ ಮೊದಲು ಮಿರ್ಚಿ ಬಂದ್ ಮಾಡಿಸಿದರು, ಗಿರ್ಮಿಟ್ ಬಂದ್ ಮಾಡಿಸಿದರು, ಕಡೆಗೆ ಮಡಿಕೆಕಾಳು ಪಲ್ಯವೂ ಬಂದ್. ಕಡಿಮೆ ಆಗಲಿಲ್ಲ. ಮಗಳು ಫಾರ್ಮಸಿ ಓದಿದವಳು, ಔಷಧದ ಚೀಟಿ ನೋಡಿ ಕೇಳಿದಳು, ಅಪ್ಪಾ ಇದು ಶುರುವಾಗಿದ್ದು ಯಾವಾಗ ಅಂತ. ಸಕ್ಕರೆಗೆ ವೊಗ್ಲಿಬೋಸ್ ಸೇರಿಸಿದ ತಿಂಗಳೇ ಗ್ಯಾಸ್ ಶುರುವಾಗಿತ್ತು ನೋಡ್ರಿ. ಡಾಕ್ಟರಿಗೆ ತೋರಿಸಿದೆವು, ಬದಲಿಸಿದರು, ಹತ್ತು ದಿನದಲ್ಲಿ ಹೊಟ್ಟೆ ಹಗುರಾಯಿತು. ಈಗ ಮಡಿಕೆಕಾಳು, ರೊಟ್ಟಿ ಎಲ್ಲ ನಡೆದಿದೆ. ಊಟ ಬಿಡುವ ಮುಂಚೆ ಔಷಧದ ಡಬ್ಬಿ ನೋಡ್ರಿ ಅಂತ ನನ್ನ ವಿನಂತಿ.


ಮೈಸೂರು ಡಾಕ್ಟರ್

ಕಾಕಾ, ಬಹಳ ಮುಖ್ಯವಾದದ್ದು ಹೇಳಿದಿರಿ. ವೊಗ್ಲಿಬೋಸ್, ಅಕಾರ್ಬೋಸ್ ಕೆಲಸ ಮಾಡೋದೇ ಪಿಷ್ಟ ಬೇಗ ಒಡೆಯದ ಹಾಗೆ ತಡೆದು. ಒಡೆಯದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತದೆ. ಮೆಟ್‌ಫಾರ್ಮಿನ್‌ನಿಂದಲೂ ಕೆಲವರಿಗೆ ಆಗುತ್ತದೆ, ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಆಗುತ್ತದೆ. ಯಾರೂ ತಾವಾಗಿಯೇ ನಿಲ್ಲಿಸಬೇಡಿ, ಕೇಳಿ ಬದಲಿಸಿಕೊಳ್ಳಿ. ಇನ್ನೊಂದು, ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದು ಬೆವರು, ನಡುಕ ಬಂದರೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡೋದಿಲ್ಲ. ಗ್ಲೂಕೋಸ್ ಪುಡಿಯನ್ನೇ ಕೊಡಬೇಕು.


ತುಮಕೂರಿನವನು

ನಾನು ಬರೆಯೋದು ಈ ವಿಷಯಕ್ಕೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ನಮ್ಮ ಅಪ್ಪ ಒಂದು ರಾತ್ರಿ ಊಟ ಆದ ಮೇಲೆ ಎದೆ ಹಿಡಿದ ಹಾಗೆ ಆಗುತ್ತಿದೆ, ಗ್ಯಾಸ್ ಅಂದರು. ಜೀರಿಗೆ ಸೋಡಾ ತಂದುಕೊಟ್ಟೆ. ಎರಡು ತೇಗು ಬಂತು, ಈಗ ಪರವಾಗಿಲ್ಲ ಅಂದರು. ಮೈಯೆಲ್ಲ ಬೆವರು, ದವಡೆ ನೋವು ಅಂದಾಗಲೂ ನಾವು ಬೆನ್ನು ನೀವುತ್ತಾ ಕೂತಿದ್ದೆವು. ಮೂರು ಗಂಟೆ ಹೀಗೇ ಹೋಯಿತು. ಅದು ಹೃದಯಾಘಾತ. ಅಪ್ಪ ಉಳಿಯಲಿಲ್ಲ. 58 ವರ್ಷ. ತೇಗು ಬಂದ ಮಾತ್ರಕ್ಕೆ ಅದು ಗ್ಯಾಸ್ ಅಂತ ಅಲ್ಲ ಅಂತ ಆಮೇಲೆ ಡಾಕ್ಟರ್ ಹೇಳಿದರು. ದಯವಿಟ್ಟು ಎಲ್ಲರೂ ಇದನ್ನು ಮನೆಯಲ್ಲಿ ಹೇಳಿ.


ಮೈಸೂರು ಡಾಕ್ಟರ್

ಖಂಡಿತ ಸೇರುತ್ತದೆ, ಬರೆದಿದ್ದಕ್ಕೆ ಕೃತಜ್ಞ. ನೀವು ತಪ್ಪು ಮಾಡಿದಿರಿ ಅಂತ ಅಂದುಕೊಳ್ಳಬೇಡಿ, ಆಸ್ಪತ್ರೆಯಲ್ಲಿ ಕೂಡ ಇಸಿಜಿ ಇಲ್ಲದೆ ಎರಡನ್ನೂ ಬೇರೆ ಮಾಡೋದು ಕಷ್ಟ. ಎದೆ ಒತ್ತಿದ ಹಾಗಾದರೆ, ಬೆವರು, ಉಸಿರು ಕಟ್ಟುವುದು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು ಇದ್ದರೆ ಸೋಡಾ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಬರೀ ಹೊಟ್ಟೆ ಮೇಲ್ಭಾಗದ ಸಂಕಟವಾಗಿಯೂ ಬರಬಹುದು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ, ದುಡ್ಡು ಕೇಳೋದಿಲ್ಲ.

ಹಾಗೇ 50 ದಾಟಿದ ಹೆಂಗಸರಿಗೆ ಹೊಸದಾಗಿ ಉಬ್ಬರ ಶುರುವಾಗಿ ವಾರಗಟ್ಟಲೆ ಇಳಿಯದೇ ಇದ್ದರೆ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾದರೆ, ಗ್ಯಾಸ್ ಅಂತ ಬಿಡಬೇಡಿ. ಅಂಡಾಶಯದ ಸ್ಕ್ಯಾನಿಂಗ್ ಮಾಡಿಸಿ.


ಹಾಸನದ ಟೀಚರ್ (ಡಿಸೆಂಬರ್ 14)

ತುಮಕೂರಿನ ಅಣ್ಣ ಬರೆದಿದ್ದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

ನನ್ನ ವಿಷಯ. ಬೆಳಿಗ್ಗೆ ಕಾಲು ಗಂಟೆ ಬೇಗ ಏಳುತ್ತಿದ್ದೇನೆ, ಮಗನ ಡಬ್ಬಿ ಈಗ ಮನೆಯವರು ಕಟ್ಟುತ್ತಾರೆ. ಮೊದಲ ಐದು ದಿನ ಏನೂ ಆಗಲಿಲ್ಲ. ಆಮೇಲೆ ದಿನಾ ಆಗುತ್ತಿದೆ. ಟಿಎಸ್‌ಎಚ್ ಸರಿಯಾಗಿದೆ. ಲೋಟದ ಹಾಲು ನಿಲ್ಲಿಸಿ ಹದಿನೇಳು ದಿನ. ಚಪಾತಿ, ಈರುಳ್ಳಿ, ಬೇಳೆ ಎಲ್ಲ ವಾಪಸ್ ಬಂದಿದೆ. ನೋಟ್‌ಬುಕ್‌ನಲ್ಲಿ ಉಬ್ಬರಕ್ಕೆ ಹತ್ತರಲ್ಲಿ ಇಷ್ಟು ಅಂತ ಅಂಕ ಹಾಕುತ್ತಿದ್ದೇನೆ. ಮೊದಲು ದಿನಾ ಎಂಟು, ಒಂಬತ್ತು. ಈಗ ಮೂರು, ನಾಲ್ಕು.

ಮೊನ್ನೆ ಭಾನುವಾರ ಪರೀಕ್ಷೆ ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಹಾಲು. ಒಂದು ಗಂಟೆ ಹತ್ತು ನಿಮಿಷಕ್ಕೆ ಗುಡುಗುಡು, ಮಧ್ಯಾಹ್ನದೊಳಗೆ ಹಳೆಯ ನೋವು, ಹಳೆಯ ಜಾಗದಲ್ಲೇ. ಬೇಜಾರಾಗಬೇಕಿತ್ತು, ಆದರೆ ನನಗೆ ಎಷ್ಟು ನಿರಾಳ ಆಯಿತು ಅಂದರೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಒಂದು ವರ್ಷ ನಾನು ಹೆದರಿದ್ದು ಯಾವುದಕ್ಕೆ ಅಂತ ಕೊನೆಗೂ ಗೊತ್ತಾಯಿತಲ್ಲ.

ಅತ್ತೆ ಕೇಳುತ್ತಿದ್ದಾರೆ, ನಾಟಿ ಹಸುವಿನ ಹಾಲಾದರೆ ಒಗ್ಗುತ್ತದಾ ಅಂತ. ಅವರ ತವರಿನಲ್ಲಿ ಇದೆ.


ಅಡುಗೆಮನೆ ಡಯೆಟಿಷಿಯನ್

ಎಷ್ಟು ಖುಷಿ ಆಯಿತು ಮೇಡಂ. ನಾಟಿ ಹಸು, ಜರ್ಸಿ, ಎಮ್ಮೆ, ಯಾವುದಾದರೂ ಲ್ಯಾಕ್ಟೋಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅತ್ತೆಗೆ ಬೇಜಾರಾಗದ ಹಾಗೆ ಹೇಳಿ, ಅದೇ ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡಿಕೊಡಲಿ. ಈಗ ಕಾಲು ಲೋಟದಿಂದ ಶುರು ಮಾಡಿ, ತಿಂಡಿ ಜೊತೆ, ಮೂರು ದಿನ. ಸರಿ ಹೋದರೆ ಅರ್ಧ ಲೋಟ. ಎಲ್ಲಿ ತೊಂದರೆ ಬರುತ್ತದೋ ಅದರ ಹಿಂದಿನ ಅಳತೆ ನಿಮ್ಮದು.


ಶಿರಸಿಯ ಅತ್ತಿಗೆ

ತಂಗಿ, ಸ್ಕೂಲಿನ ಆ ಚಿಲಕ ಸರಿ ಆಯಿತಾ?


ಹಾಸನದ ಟೀಚರ್ (ಜನವರಿ 17)

ಅಕ್ಕಾ, ಆಯಿತು. ಏಳು ಜನವೂ ಸೇರಿ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದೆವು. ಮಾತು ಶುರು ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಚಿಲಕ ಹಾಕಿಸಿದ್ದಾರೆ, ಹೊರಗೆ ಡ್ರಮ್ಮಿನಲ್ಲಿ ನೀರು ತುಂಬಿಸಿ ಇಡುತ್ತಾರೆ. ನಲ್ಲಿ ಇನ್ನೂ ಬಂದಿಲ್ಲ, ಮತ್ತೆ ಕೇಳುತ್ತೇವೆ. ಹೆಣ್ಣುಮಕ್ಕಳ ಶೌಚಾಲಯಕ್ಕೂ ಚಿಲಕ ಹಾಕಿಸಿದೆವು. ಈಗ ನನ್ನ ಟೇಬಲ್ ಮೇಲೆ ನೀರಿನ ಬಾಟಲಿ ಇರುತ್ತದೆ.

ಆರು ವಾರ ಚಪಾತಿ ತಿಂದು ಟಿಟಿಜಿ ಮಾಡಿಸಿದೆ, ನೆಗೆಟಿವ್ ಬಂತು. ಡಾಕ್ಟರನ್ನು ಕಂಡು ನೋಟ್‌ಬುಕ್ ತೋರಿಸಿದೆ. ಇದನ್ನೇ ಮುಂದುವರಿಸಿ ಅಂದರು. ಹಾಲು ಅರ್ಧ ಲೋಟ ತನಕ ಒಗ್ಗುತ್ತದೆ, ತಿಂಡಿ ಜೊತೆ ಮಾತ್ರ. ಮುಕ್ಕಾಲು ಲೋಟಕ್ಕೆ ಗುಡುಗುಡು ಶುರು. ಮೊಸರು ಎಷ್ಟಾದರೂ ನಡೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಬದನೆಕಾಯಿಯಿಂದ ನನಗೆ ಏನೂ ಆಗುತ್ತಿರಲಿಲ್ಲ. ಇಳಿದಿದ್ದ ತೂಕ ವಾಪಸ್ ಬಂದಿದೆ.

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸಿದ್ದೆವು. ಒಂದು ಬೊಗಸೆ ಅವರೆಕಾಯಿ ತಿಂದೆ. ಮಾರನೇ ದಿನ ಅಂಕ ನಾಲ್ಕು. ಮಂಡ್ಯದ ತಮ್ಮಾ, ನೀನು ಎಷ್ಟು ತಿಂದೆ?


ಮಂಡ್ಯದ ಹುಡುಗ

ಒಂದು ಹೊತ್ತು ಅಂತ ಮೇಡಂ ಹೇಳಿದ್ದು ಪಾಲಿಸುತ್ತಿದ್ದೇನೆ ಅಕ್ಕಾ. ಹಬ್ಬದ ದಿನ ಮಾತ್ರ ಎರಡು ಹೊತ್ತು. ಅಮ್ಮ ಈಗ ಒಣಕಾಳನ್ನು ರಾತ್ರಿಯೇ ನೆನೆಸಿ, ಬೆಳಿಗ್ಗೆ ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಾರೆ.